ಫೋರ್ಕ್‌ಲಿಫ್ಟ್ ಮಾಸ್ಟ್: ಎರಡು ಸ್ಟೇಜ್ ತಗೊಳ್ಳೋದಾ, ಮೂರು ಸ್ಟೇಜಾ?

ಪ್ರಶ್ನೆ: ನಮಸ್ಕಾರ ಸರ್. ನೆಲಮಂಗಲದ ಹತ್ರ ಒಂದು ಗೋಡೌನ್‌ನಲ್ಲಿ ಸ್ಟೋರ್ಸ್ ನೋಡ್ಕೊಳ್ತೀನಿ, ಎರಡೂವರೆ ಟನ್ ಫೋರ್ಕ್‌ಲಿಫ್ಟ್ ಒಂದು ತಗೋಬೇಕು. ನಮ್ ರ್ಯಾಕ್‌ನ ಮೇಲಿನ ಬೀಮ್ 4 ಮೀಟರ್ ಇದೆ. ಅದೇ ಗಾಡೀಲಿ ಕಂಟೇನರ್ ಕೂಡ ಖಾಲಿ ಮಾಡ್ಬೇಕು, ಒಳಗೆ ಪ್ಯಾಲೆಟ್ ಒಂದರ ಮೇಲೊಂದು ಇರುತ್ತೆ. ಡೀಲರ್ 4.5 ಮೀಟರ್ ಎರಡು ಸ್ಟೇಜ್ ಮಾಸ್ಟ್ ಸಾಕು, ರೇಟ್ ಕಮ್ಮಿ ಅಂತಿದಾನೆ. ತಗೋಬಹುದಾ? ಫ್ರೀ ಲಿಫ್ಟ್ ಅಂದ್ರೇನು?

ಉತ್ತರ: ತಗೋಬೇಡಿ ಸರ್, ಆ ಗಾಡಿ ಕಂಟೇನರ್ ಒಳಗೇ ಹೋಗಲ್ಲ. ಎಲ್ರೂ ಮೇಲೆ ಎಷ್ಟು ಎತ್ತುತ್ತೆ ಅಂತ ಮಾತ್ರ ಕೇಳ್ತಾರೆ, ಮಾಸ್ಟ್, ಅಂದ್ರೆ ಗಾಡಿ ಮುಂದೆ ಫೋರ್ಕ್ ಏರಿಳಿಸೋ ಕಂಬ, ಪೂರ್ತಿ ಇಳಿಸಿದಾಗ ಎಷ್ಟು ಎತ್ತರ ನಿಲ್ಲುತ್ತೆ ಅಂತ ಕೇಳೋದೇ ಇಲ್ಲ. 4.5 ಮೀಟರ್ ಎರಡು ಸ್ಟೇಜ್ ಮಾಸ್ಟ್ ಇಳಿಸಿದ್ರೂ 3 ಮೀಟರ್ ಹತ್ರ ನಿಲ್ಲುತ್ತೆ. ಮಾಮೂಲಿ ಕಂಟೇನರ್ ಬಾಗಿಲು ಇರೋದು 2.28 ಮೀಟರ್ ಅಷ್ಟೆ.

ಮಾಸ್ಟ್ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾದ್ರೆ ಉಳಿದಿದ್ದು ಸುಲಭ. ಹೊರಗಿನ ಚಾನಲ್ ಗಾಡಿಗೆ ಫಿಕ್ಸ್ ಆಗಿರುತ್ತೆ, ಒಳಗಿನ ಚಾನಲ್ ಅದರೊಳಗೆ ರೋಲರ್ ಮೇಲೆ ಜಾರುತ್ತೆ. ಹೀಗೆ ಒಂದರೊಳಗೊಂದು ಎಷ್ಟು ಚಾನಲ್ ಇದ್ಯೋ ಅಷ್ಟು ಸ್ಟೇಜ್. ಎರಡು ಬದೀಲಿರೋ ಹೈಡ್ರಾಲಿಕ್ ಸಿಲಿಂಡರ್ ಒಳಗಿನ ಚಾನಲ್‌ನ ಮೇಲಕ್ಕೆ ತಳ್ಳುತ್ತೆ. ಚೈನ್‌ನ ಒಂದು ತುದಿ ಅಲುಗಾಡದ ಕಡೆ ಕಟ್ಟಿರ್ತಾರೆ, ಅದು ಒಳಗಿನ ಚಾನಲ್‌ನ ಮೇಲಿರೋ ರಾಟೆ ಸುತ್ತಿ ಬಂದು ಫೋರ್ಕ್ ಕೂತಿರೋ ಕ್ಯಾರೇಜ್‌ಗೆ ಸೇರುತ್ತೆ. ಅದಕ್ಕೇ ಚಾನಲ್ ಒಂದಡಿ ಏರಿದ್ರೆ ಫೋರ್ಕ್ ಎರಡಡಿ ಏರುತ್ತೆ. ಇಳಿಯೋದಕ್ಕೆ ಪಂಪ್ ಬೇಡ, ತೂಕಕ್ಕೇ ಆಯಿಲ್ ವಾಪಸ್ ಬರುತ್ತೆ, ಸ್ಪೀಡ್ ಹಿಡಿಯೋಕೆ ಒಂದು ವಾಲ್ವ್ ಇರುತ್ತೆ.

ಮಾಸ್ಟ್ ಎತ್ತರ ಬೆಳೀದೆ ಫೋರ್ಕ್ ಮಾತ್ರ ಎಷ್ಟು ಏರುತ್ತೋ ಅದೇ ಫ್ರೀ ಲಿಫ್ಟ್. ಮಾಮೂಲಿ ಎರಡು ಸ್ಟೇಜ್‌ನಲ್ಲಿ ಅದು ಗೇಣಿಗಿಂತ ಜಾಸ್ತಿ ಇರಲ್ಲ. 3 ಮೀಟರ್ ಮಾಸ್ಟ್‌ದೇ ಲೆಕ್ಕ ಹಾಕಿ, ಇಳಿಸಿದಾಗ 2.05 ಮೀಟರ್ ಇದ್ರೆ ಬಾಗಿಲು ದಾಟುತ್ತೆ ಸರಿ, ಆದ್ರೆ ಕಂಟೇನರ್ ಒಳಗಿನ ಎತ್ತರ 2.39, ಅಂದ್ರೆ ಚಾನಲ್ 34 ಸೆಂಟಿಮೀಟರ್ ಏರೋಷ್ಟರಲ್ಲಿ ತಗಡಿಗೆ ತಾಗುತ್ತೆ. ಫೋರ್ಕ್ ಅದರ ಡಬಲ್, ಅದಕ್ಕೆ ಫ್ರೀ ಲಿಫ್ಟ್ ಸೇರಿಸಿ, ಎಲ್ಲಾ ಸೇರಿ 80 ಸೆಂಟಿಮೀಟರ್ ಚಿಲ್ರೆ. ಮೇಲಿನ ಪ್ಯಾಲೆಟ್ ಅದಕ್ಕಿಂತ ಎತ್ತರದಲ್ಲಿದ್ರೆ ಕೈಗೆ ಸಿಗಲ್ಲ. ಎಷ್ಟೋ ಕಂಟೇನರ್‌ಗಳ ಮೇಲಿನ ತಗಡು ಉಬ್ಬಿರೋದನ್ನ ನಾನೇ ನೋಡಿದೀನಿ.

ನಿಮಗೆ ಬೇಕಿರೋದು ಫುಲ್ ಫ್ರೀ ಲಿಫ್ಟ್ ಇರೋ ಮೂರು ಸ್ಟೇಜ್, ಟ್ರಿಪ್ಲೆಕ್ಸ್ ಅಂತಾರೆ. ಮಧ್ಯದಲ್ಲಿ ಇನ್ನೊಂದು ಸಿಲಿಂಡರ್ ಇರುತ್ತೆ, ಅದು ಮೊದಲು ಕ್ಯಾರೇಜ್‌ನ ಒಳಗಿನ ಚಾನಲ್‌ನ ತುದಿವರೆಗೆ ಒಯ್ಯುತ್ತೆ, ಆಮೇಲೇ ಪಕ್ಕದ ಸಿಲಿಂಡರ್‌ಗಳು ಶುರು. 4.5 ಮೀಟರ್ ಎತ್ತೋ ಟ್ರಿಪ್ಲೆಕ್ಸ್ ಇಳಿಸಿದಾಗ ಸುಮಾರು 2.1ರಿಂದ 2.2 ಮೀಟರ್‌ಗೆ ನಿಲ್ಲುತ್ತೆ. ಬರೀ ಕಂಟೇನರ್ ಕೆಲಸ ಇದ್ದಿದ್ರೆ ಫುಲ್ ಫ್ರೀ ಲಿಫ್ಟ್ ಇರೋ ಎರಡು ಸ್ಟೇಜ್ ಡ್ಯೂಪ್ಲೆಕ್ಸೇ ಸಾಕಿತ್ತು. ನಾಲ್ಕು ಸ್ಟೇಜೂ ಬರುತ್ತೆ, ನಿಮಗೆ ಬೇಡ.

ಇನ್ನೊಂದು, ಎರಡೂವರೆ ಟನ್ ಅಂದ್ರೆ ಮೇಲೆ ಹೋದ್ರೂ ಎರಡೂವರೆ ಟನ್ನೇ ಎತ್ತುತ್ತೆ ಅಂದ್ಕೋಬೇಡಿ. ಎತ್ತರ ಹೋದಷ್ಟೂ ಕೆಪಾಸಿಟಿ ಕಮ್ಮಿ, ಫೋರ್ಕ್‌ನ ಎಡಕ್ಕೂ ಬಲಕ್ಕೂ ಸರಿಸೋ ಸೈಡ್ ಶಿಫ್ಟರ್ ಹಾಕ್ಸಿದ್ರೆ ಇನ್ನೂ ಕಮ್ಮಿ. ಯಾವ ಎತ್ತರಕ್ಕೆ ಎಷ್ಟು ತೂಕ ಅಂತ ಬರೆದಿರೋ, ಆ ಮಾಸ್ಟ್‌ಗೇ ಕೊಟ್ಟಿರೋ ಲೋಡ್ ಪ್ಲೇಟ್ ಫೋಟೋ ಡೀಲರ್ ಹತ್ರ ಕೇಳಿ, ಓದಿ ಆಮೇಲೆ ಅಡ್ವಾನ್ಸ್ ಕೊಡಿ.

ಪ್ರಶ್ನೆ (ಇನ್ನೊಬ್ರು): ಅಣ್ಣ, ನಮ್ ಟ್ರಿಪ್ಲೆಕ್ಸ್‌ನಲ್ಲಿ ಫೋರ್ಕ್ ಪೂರ್ತಿ ಏರೋಕ್ ಮುಂಚೆನೇ ಚಾನಲ್ ಎದ್ ಬಿಡುತ್ತೆ, ಪಂಪ್ ಹೋಯ್ತಾ?

ಉತ್ತರ: ಪಂಪ್ ಬಿಚ್ಚಿಸ್ಬೇಡಿ ತಮ್ಮ. ಆಯಿಲ್ ಸುಲಭದ ದಾರಿ ಹಿಡಿಯುತ್ತೆ, ಕ್ಯಾರೇಜ್ ಎಲ್ಲೋ ಬಿಗಿಯಾಗಿದ್ರೆ ಪಕ್ಕದ ಸಿಲಿಂಡರ್ ಮೊದಲು ಏಳುತ್ತೆ. ಕ್ಯಾರೇಜ್ ರೋಲರ್ ಜಾಮ್ ಆಗಿದ್ಯಾ, ಗ್ರೀಸ್ ಒಣಗಿದ್ಯಾ, ಚಾನಲ್ ಬಗ್ಗಿದ್ಯಾ ನೋಡಿ. ಹಾಗೇ ಚೈನ್ ಕೂಡ ಅಳೀರಿ, ಹೊಸದ್ರಲ್ಲಿ 300 ಮಿಲಿಮೀಟರ್ ಇದ್ದಷ್ಟು ಕೊಂಡಿ ಈಗ 309 ಆಗಿದ್ರೆ ಅದು 3 ಪರ್ಸೆಂಟ್ ಎಳೆದಿದೆ ಅಂತ, ಎರಡೂ ಚೈನ್ ಒಟ್ಟಿಗೇ ಬದಲಾಯ್ಸಿ. ನೋಡುವಾಗ ಮಾಸ್ಟ್ ಸಂದೀಲಿ ಕೈ ಹಾಕ್ಬೇಡಿ, ಎತ್ತಿರೋ ಫೋರ್ಕ್ ಕೆಳಗೆ ಯಾರನ್ನೂ ನಿಲ್ಲಿಸ್ಬೇಡಿ.