ಕುಶಾಲನಗರದಲ್ಲಿ 2012ರ ಹೋಂಡಾ ಸಿಟಿ ಕಾರು ನೋಡಿದ್ದೇನೆ, ಮುಂಗಡ ಕೊಡುವ ಮುಂಚೆ ಏನೇನು ನೋಡಬೇಕು?

ಸುಂಟಿಕೊಪ್ಪದವನು:
ಅಪ್ಪನಿಗೆ ಮಂಡಿ ನೋವು, ತಿಂಗಳಿಗೆ ಎರಡು ಸಲ ಮೈಸೂರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬಸ್ ಹತ್ತಿಸುವುದೇ ದೊಡ್ಡ ಕಷ್ಟ. ಹಾಗಾಗಿ ಹಳೇ ಸೆಡಾನ್ ಹುಡುಕುತ್ತಿದ್ದೇನೆ. ಕುಶಾಲನಗರದಲ್ಲಿ 2012ರ ಹೋಂಡಾ ಸಿಟಿ ಪೆಟ್ರೋಲ್ ಒಂದಿದೆ. ಕೆಎ 12, ಅಂದರೆ ಕೊಡಗಿನದೇ ರಿಜಿಸ್ಟ್ರೇಷನ್, 82 ಸಾವಿರ ಕಿ.ಮೀ. ಓಡಿದೆ, ಈಗಿನವರು ಎರಡನೇ ಮಾಲೀಕರು. 2 ಲಕ್ಷ 90 ಸಾವಿರ ಹೇಳುತ್ತಿದ್ದಾರೆ. ಪೇಂಟ್ ಫಳಫಳ ಅನ್ನುತ್ತಿದೆ. ನನಗೆ ಬೈಕ್ ಬಿಟ್ಟು ಬೇರೆ ಗಾಡಿ ಗೊತ್ತಿಲ್ಲ. ಭಾನುವಾರ ಮತ್ತೆ ನೋಡಲು ಹೋಗುತ್ತೇನೆ, ದಯವಿಟ್ಟು ಹೇಳಿ.

ಗೋಣಿಕೊಪ್ಪಲು ಗ್ಯಾರೇಜ್:
ಪೇಂಟ್ ಬಿಡಿ, ಕಿಲೋಮೀಟರ್ ಕೂಡ ಆಮೇಲೆ. ನಮ್ಮ ಕಡೆ ಗಾಡಿ ಹಾಳಾಗುವುದು ಓಡಿ ಅಲ್ಲ, ನೆನೆದು. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ತಿಂಗಳುಗಟ್ಟಲೆ ತೋಟದ ಕೆಸರಲ್ಲಿ ನಿಂತ ಗಾಡಿ ಮೇಲಿಂದ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಮೊದಲು ಪಿಟ್ (ಗಾಡಿಯ ಅಡಿ ನೋಡುವ ಗುಂಡಿ) ಇರುವ ಗ್ಯಾರೇಜಿಗೆ ಹಾಕಿಸಿ ಅಡಿ ನೋಡಿಸಿ. ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಗೂಡು, ಜಾಕ್ ಕೊಡುವ ಜಾಗ, ಬ್ರೇಕ್ ಪೈಪು, ಎಲ್ಲವನ್ನೂ ಬೆರಳಿನಲ್ಲಿ ಒತ್ತಿ ನೋಡಬೇಕು. ಮೇಲೆ ಮೇಲೆ ತುಕ್ಕಿದ್ದರೆ ಪರವಾಗಿಲ್ಲ, ಒತ್ತಿದರೆ ಪುಡಿ ಉದುರಿತು ಅಂದರೆ ಎದ್ದು ಬನ್ನಿ. ಅಡಿಗೆ ಹೊಸದಾಗಿ ದಪ್ಪ ಕಪ್ಪು ಕೋಟಿಂಗ್ ಹೊಡೆದಿದ್ದರೆ ಯಾಕೆ ಹೊಡೆಸಿದರು ಅಂತ ಕೇಳಿ.

ಎರಡನೆಯದು, ಬೆಳಿಗ್ಗೆ ಬೇಗ ಹೋಗಿ. ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಡಿ. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಇನ್ನೊಂದು ದಿನ ಹೋಗಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ. ಬಿಳಿ ಆವಿ ನಮ್ಮ ಚಳಿಗೆ ಬಂದೇ ಬರುತ್ತದೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಮಾತ್ರ ಚಿಂತೆ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥದ್ದು ಕಂಡರೆ ಹೆಡ್ ಗ್ಯಾಸ್ಕೆಟ್ (ಆಯಿಲ್ ಮತ್ತು ಕೂಲಂಟ್ ಬೆರೆಯದಂತೆ ತಡೆಯುವ ಎಂಜಿನ್ ಸೀಲ್) ಹೋಗಿದೆ ಅಂತ ಹೆದರಿಸುತ್ತಾರೆ. ದಿನಾ ಎರಡೇ ಕಿ.ಮೀ. ಓಡುವ ಗಾಡಿಯಲ್ಲಿ ಒಳಗೆ ಕಟ್ಟಿದ ಹನಿಯಿಂದಲೂ ಹಾಗಾಗುತ್ತದೆ. ಡಿಪ್‌ಸ್ಟಿಕ್‌ನಲ್ಲೂ (ಆಯಿಲ್ ಅಳೆಯುವ ಕಡ್ಡಿ) ಕೆನೆ ಇದ್ದರೆ, ಎಂಜಿನ್ ತಂಪು ಮಾಡುವ ಕೂಲಂಟ್‌ನಲ್ಲಿ ಎಣ್ಣೆ ತೇಲಿದರೆ, ಆಗ ಬೇಡ.

ಆಮೇಲೆ ಮಡಿಕೇರಿ ತನಕ ಹತ್ತಿಸಿ. ಊರೊಳಗೆ ಒಂದು ಸುತ್ತು ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಸುಂಟಿಕೊಪ್ಪ ದಾಟಿದ ಮೇಲೆ ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಏರಿ ಗಾಡಿಯ ಸ್ಪೀಡ್ ಏರದಿದ್ದರೆ ಕ್ಲಚ್ ಮುಗಿದಿದೆ. ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗಬಾರದು. ಹ್ಯಾಂಡ್‌ಬ್ರೇಕ್ ಏರಿನಲ್ಲಿ ಹಿಡಿದು ನಿಲ್ಲಬೇಕು. ಈ ಎಂಜಿನ್‌ನಲ್ಲಿರುವುದು ಟೈಮಿಂಗ್ ಚೈನ್, ಹಾಗಾಗಿ ಟೈಮಿಂಗ್ ಬೆಲ್ಟ್ ಬದಲಿಸುವ ಖರ್ಚಿಲ್ಲ. ಆಯಿಲ್ ಸರಿಯಾಗಿ ಬದಲಿಸಿದ್ದಾರಾ ಅನ್ನುವುದಕ್ಕೆ ಬಿಲ್ ಕೇಳಿ.

ಸೋಮವಾರಪೇಟೆ ತೋಟ:
ನಾನು ಮೋಸ ಹೋಗಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ನೆನಪಿದೆ ಅಲ್ವಾ? ಆಮೇಲೆ ನಾನೊಂದು ಡಿಸೈರ್ ತೆಗೆದುಕೊಂಡೆ. ಮಾರಿದವರು ಶೆಡ್ಡಿನಲ್ಲೇ ಇತ್ತು ಅಂದಿದ್ದರು. ಆರು ತಿಂಗಳಿಗೆ ಪವರ್ ವಿಂಡೋ ಹೋಯಿತು, ಮೀಟರ್ ಹೋಯಿತು, ಒಂದು ರಾತ್ರಿ ಹೆಂಡತಿ ಮಕ್ಕಳು ಒಳಗಿರುವಾಗ ದಾರಿ ಮಧ್ಯೆ ನಿಂತೇ ಹೋಯಿತು. ವೈರಿಂಗ್ ಬಿಚ್ಚಿದಾಗ ಕನೆಕ್ಟರ್ ಒಳಗೆಲ್ಲ ಹಸಿರು ಹಿಡಿದಿತ್ತು.

ಸೀಟ್ ಬೆಲ್ಟ್ ಪೂರ್ತಿ ಕೊನೆ ತನಕ ಎಳೆಯಿರಿ. ಸೀಟ್ ತೊಳೆಯುತ್ತಾರೆ, ಬೆಲ್ಟಿನ ಬುಡ ಯಾರೂ ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸ್ಟೆಪ್ನಿ ತೆಗೆದು ಗುಂಡಿ ನೋಡಿ, ಕಾರ್ಪೆಟ್ ಎತ್ತಿ ಮೂಸಿ, ಸೀಟಿನ ಹಳಿಗೆ ಟಾರ್ಚ್ ಬಿಡಿ. ತೋಟದ ಗಾಡಿಯಾದರೆ ಇಲಿ ವೈರ್ ಕಡಿದಿದೆಯಾ ಅಂತಲೂ ನೋಡಿಸಿ.

ವಿರಾಜಪೇಟೆ 12:
ಎಲ್ಲರೂ ಮರೆತ ಒಂದು ವಿಷಯ. 2012ರ ಸಿಟಿಗೆ ತಕಾಟಾ ಕಂಪನಿಯ ಏರ್‌ಬ್ಯಾಗ್ ರೀಕಾಲ್ (ದೋಷ ಸರಿಪಡಿಸಲು ವಾಪಸ್ ಕರೆಯುವುದು) ಇದೆ. ಅದನ್ನು ಉಬ್ಬಿಸುವ ಇನ್‌ಫ್ಲೇಟರ್ ಒಳಗಿನ ರಾಸಾಯನಿಕ ತೇವ ಮತ್ತು ಬಿಸಿಗೆ ವರ್ಷಗಟ್ಟಲೆ ಸಿಕ್ಕಿ ಕೆಡುತ್ತದೆ, ಏರ್‌ಬ್ಯಾಗ್ ತೆರೆದಾಗ ಲೋಹದ ಚೂರು ಮುಖಕ್ಕೆ ಹಾರಬಹುದು. ಹೋಂಡಾದವರು ಉಚಿತವಾಗಿ ಬದಲಿಸುತ್ತಾರೆ. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿ ನಂಬರ್ ಅವರ ವೆಬ್‌ಸೈಟಿನಲ್ಲಿ ಹಾಕಿದರೆ ಬಾಕಿ ಇದೆಯಾ ಗೊತ್ತಾಗುತ್ತದೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಬಂದು ಆರಬೇಕು. ಬರಲೇ ಇಲ್ಲ ಅಂದರೆ ಯಾರೋ ದೀಪ ಕಿತ್ತಿರಬಹುದು.

ಕಾಗದ ಬೇಗ ಹೇಳುತ್ತೇನೆ. ಆರ್‌ಸಿ 15 ವರ್ಷಕ್ಕೆ, ಅಂದರೆ 2027ಕ್ಕೆ ಮುಗಿಯುತ್ತದೆ, ಆಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಖರ್ಚು ಹೇಳಿ ಬೆಲೆ ಇಳಿಸಿ. ಮಾಲೀಕರ ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ, ಗಾಡಿ ಮೇಲೆ ಸಾಲ ಇದ್ದರೆ ಅದನ್ನು ತೆಗೆಸಲು 35. ವಿಮೆ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಮಾರುವವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ವಿಮೆಯಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ.

ಗೋಣಿಕೊಪ್ಪಲು ಗ್ಯಾರೇಜ್:
ರೀಕಾಲ್ ನೆನಪಿಸಿದ್ದು ಒಳ್ಳೆಯದಾಯಿತು. ಇನ್ನೊಂದು, ಅಪ್ಪನನ್ನೂ ಕರೆದುಕೊಂಡು ಹೋಗಿ. ಸಿಟಿ ಸೀಟ್ ತಗ್ಗು. ಮಂಡಿ ನೋವಿನವರಿಗೆ ಕೂರುವುದು ಸುಲಭ, ಏಳುವುದೇ ಕಷ್ಟ.

ಸುಂಟಿಕೊಪ್ಪದವನು:
ಹೋಗಿ ಬಂದೆ. ಬೆಲ್ಟ್ ಎಳೆದೆ, ಸ್ವಚ್ಛವಾಗಿತ್ತು. ಸ್ಟೆಪ್ನಿ ಗುಂಡಿಯೂ ಒಣಗಿತ್ತು. ಬೋಯಿಕೇರಿ ಏರಿನಲ್ಲಿ ಆರ್‌ಪಿಎಂ ಜುಂಯ್ ಅಂತ ಏರಿತು, ಗಾಡಿ ಏರಲಿಲ್ಲ. ಕ್ಲಚ್ ಹೋಗಿದೆ, ಅವರೇ ಒಪ್ಪಿಕೊಂಡು 25 ಸಾವಿರ ಇಳಿಸಿದರು. ಏರ್‌ಬ್ಯಾಗ್ ಬಾಕಿ ತೋರಿಸುತ್ತಿದೆ, ಅದು ಬದಲಾದ ಮೇಲೆಯೇ ದುಡ್ಡು ಅಂದಿದ್ದೇನೆ. ಅಪ್ಪ ಹಿಂದಿನ ಸೀಟಿನಲ್ಲಿ ಕೂತರು, ಬಾಗಿಲ ಮೇಲಿನ ಹಿಡಿ ಹಿಡಿದು ತಾವೇ ಎದ್ದರು. ಬುಧವಾರ ಪಿಟ್‌ಗೆ ಹಾಕಿಸುತ್ತಿದ್ದೇನೆ, ಅಡಿಯ ಫೋಟೋ ಇಲ್ಲೇ ಹಾಕುತ್ತೇನೆ.