ಜಿಂಕೆಯ ಕೆಳದವಡೆ: ಹಲ್ಲು ನೋಡಿ ವಯಸ್ಸು ಹೇಳೋದು ಹೇಗೆ?

ಖಾನಾಪುರ ರೈತ:
ಭೀಮಗಡ ಕಾಡಿನ ಅಂಚಿಗೆ ನಮ್ಮ ಗದ್ದೆ. ಬದುವಿನ ಕೆಳಗೆ ಒಂದು ಕೆಳದವಡೆ ಬಿದ್ದಿದೆ, ಚುಕ್ಕೆ ಜಿಂಕೆಯದು ಅನಿಸುತ್ತದೆ. ಮುಂದಿನ ಹಲ್ಲುಗಳೆಲ್ಲ ಉದುರಿವೆ. ಒಂದೊಂದು ಬದಿಗೆ ಆರು ದವಡೆ ಹಲ್ಲು. ಮುಂದಿನಿಂದ ಮೂರನೆಯದಕ್ಕೆ ಮೂರು ಉಬ್ಬು, ಸವೆದು ಚಪ್ಪಟೆಯಾಗಿವೆ. ಕೊನೆಯದು ಅರ್ಧ ಮಾತ್ರ ಎದ್ದಿದೆ. ಕುರಿಗಾದರೆ ಮುಂದಿನ ಹಲ್ಲು ಎಣಿಸಿ ವಯಸ್ಸು ಹೇಳ್ತಾರೆ, ಇಲ್ಲಿ ಅವೇ ಇಲ್ಲ. ಇಷ್ಟು ಸವೆದಿದೆ ಅಂದ್ರೆ ಮುದಿ ಜಿಂಕೆ ಅಲ್ವಾ?

ಬೈಲಹೊಂಗಲದಿಂದ:
ಮೊದಲು ಅದು ಆಡಿನದಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಆಡು, ಕುರಿಯ ಹಲ್ಲು ಎತ್ತರ, ಬಹುಪಾಲು ಎಲುಬಿನೊಳಗೇ ಹೂತಿರುತ್ತದೆ. ಜಿಂಕೆಯದು ಗಿಡ್ಡ. ಹಿಂದಿನ ಹಲ್ಲುಗಳ ಕೆನ್ನೆ ಕಡೆ, ಎರಡು ಉಬ್ಬಿನ ಸಂದಿನಲ್ಲಿ, ಬುಡಕ್ಕೆ ಒಂದು ಪುಟ್ಟ ಮೊಳೆ ಇದೆಯಾ ನೋಡಿ. ಆಡಿಗೆ ಅದು ಇರೋದಿಲ್ಲ.

ಹುನಗುಂದ ಪಶುವೈದ್ಯ:
ಮುದಿ ಅಲ್ಲ, ಎಳೆಯದು. ಅಮೀನಗಡದ ಸಂತೆಯಲ್ಲಿ ಕುರಿಯ ತುಟಿ ಎತ್ತಿ ಹಲ್ಲು ನೋಡಿ ನೋಡಿ ನನಗೆ ರೂಢಿ. ಆಡಾಗಲಿ ಜಿಂಕೆಯಾಗಲಿ, ಆ ಮೂರು ಉಬ್ಬಿನ ಹಲ್ಲು ಹಾಲುಹಲ್ಲು. ಅದು ಬಿದ್ದ ಮೇಲೆ ಅದೇ ಜಾಗಕ್ಕೆ ಬರುವ ಹಲ್ಲಿಗೆ ಎರಡೇ ಉಬ್ಬು. ಮರಿಯಾಗಿದ್ದಾಗಿನಿಂದ ಮೇವು ಅರೆದಿದೆ, ಅದಕ್ಕೇ ಸವೆದಿದೆ. ಯಾವ ಹಲ್ಲು ಸವೆದಿದೆ ಅನ್ನೋದು ಮುಖ್ಯ, ಎಷ್ಟು ಅನ್ನೋದು ಆಮೇಲೆ. ಮುಂದಿನಿಂದಲೇ ಎಣಿಸಿ, ಯಾಕಂದ್ರೆ ಕೊನೆಯ ಹಲ್ಲಿಗೂ ಮೂರು ಭಾಗ ಇರುತ್ತದೆ. ಅದರ ಹಿಂದಿನ ಭಾಗ ಚಿಕ್ಕದು.

ಅಮೆರಿಕದ ಬಿಳಿಬಾಲದ ಜಿಂಕೆಗೆ ಈ ಹಾಲುಹಲ್ಲು ಸುಮಾರು ಒಂದೂವರೆ ವರ್ಷಕ್ಕೆ ಬೀಳುತ್ತದೆ. 1949ರಲ್ಲಿ ಸೆವರಿಂಗ್‌ಹೌಸ್ ಎಂಬವರು ಆ ಜಿಂಕೆಗಳ ಹಲ್ಲು ಮೂಡುವುದು, ಸವೆಯುವುದು ನೋಡಿ ವಯಸ್ಸು ಹೇಳುವ ಕ್ರಮ ಬರೆದಿಟ್ಟರು. ಆ ತಿಂಗಳ ಲೆಕ್ಕವನ್ನು ನಮ್ಮ ಚುಕ್ಕೆ ಜಿಂಕೆಗೆ ಸುಮ್ನೆ ಹಚ್ಚಬೇಡಿ. ಆದರೆ ನಿಮ್ಮದು ಪೂರ್ತಿ ಬೆಳೆಯದ ಪ್ರಾಣಿ, ಅಷ್ಟನ್ನು ಧೈರ್ಯವಾಗಿ ಹೇಳುತ್ತೇನೆ.

ಎಲ್ಲ ಹಲ್ಲೂ ಬಂದ ಮೇಲೆಯೇ ಕಷ್ಟ. ಆಗ ಬಿಳಿ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಅಂಚುಗಳ ನಡುವೆ ಕಂದು ಡೆಂಟೈನ್ (ಅದರ ಒಳಗಿನ ಭಾಗ) ಎಷ್ಟು ಅಗಲವಾಗಿದೆ ಎಂದು ನೋಡಬೇಕು. ಮಣ್ಣು ಮರಳು ಹತ್ತಿದ ಮೇವು ತಿಂದರೆ ಬೇಗ ಸವೆಯುತ್ತದೆ. ಬರೀ ಸವೆತ ನೋಡಿ 'ಇದಕ್ಕೆ ಸರಿಯಾಗಿ ಐದು ವರ್ಷ' ಅನ್ನೋರನ್ನು ನಾನು ನಂಬೋದಿಲ್ಲ. ನಡುವಯಸ್ಸಿನದು ಇಲ್ಲವೇ ಮುದಿ ಅಂದರೆ ಸಾಕು. ಜಾಸ್ತಿ ನಿಖರ ಬೇಕಂದ್ರೆ ಮುಂದಿನ ಹಲ್ಲಿನ ಬೇರನ್ನು ತೆಳ್ಳಗೆ ಕೊಯ್ದು, ವರ್ಷ ವರ್ಷ ಬೇರಿನ ಸುತ್ತ ಕೂಡುವ ಸಿಮೆಂಟಮ್ ಎಂಬ ಹೊದಿಕೆಯ ಪದರಗಳನ್ನು ಮೈಕ್ರೋಸ್ಕೋಪಿನಲ್ಲಿ ಎಣಿಸಬೇಕು. ಚಳಿಗಾಲ ಜೋರಿರುವ ದೇಶಗಳಲ್ಲಿ ಆ ಗೆರೆಗಳು ಚೆನ್ನಾಗಿ ಮೂಡುತ್ತವೆ, ಬಿಸಿ ಸೀಮೆಯಲ್ಲಿ ಅಷ್ಟು ಸ್ಪಷ್ಟ ಇರೋದಿಲ್ಲ.

ಬೆಳಗಾವಿಯಿಂದ:
ದವಡೆಯನ್ನು ಮನೆಗೆ ಒಯ್ಯಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಪ್ರಾಣಿಯ ಎಲುಬು, ಕೊಂಬು ಸರ್ಕಾರದ್ದು. ಕೈಗೆ ಬಂದಿದ್ದರೆ 48 ಗಂಟೆಯೊಳಗೆ ಪೊಲೀಸರಿಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಪಕ್ಕಕ್ಕೆ ಸ್ಕೇಲ್ ಇಟ್ಟು ಮೇಲಿನಿಂದ ಒಂದು, ಕೆನ್ನೆ ಕಡೆಯಿಂದ ಒಂದು ಫೋಟೊ ತೆಗೆಯಿರಿ.

ಖಾನಾಪುರ ರೈತ:
ಮುಟ್ಟಿಲ್ಲ, ಬಗ್ಗಿ ನೋಡಿದೆ. ಬುಡದ ಮೊಳೆ ಇದೆ. ಮೂರನೆಯ ಹಲ್ಲಿನ ಕೆಳಗೆ ಎಲುಬು ಸೀಳಿದೆ, ಒಳಗೆ ಹೊಸ ಹಲ್ಲಿನ ತುದಿ ಕಾಣುತ್ತದೆ. ಗಾರ್ಡ್‌ಗೆ ಫೋನ್ ಮಾಡಿದ್ದೇನೆ, ನಾಳೆ ಬರ್ತಾರಂತೆ. ಅವರು ಒಯ್ಯುವ ಮೊದಲು ಆ ಸೀಳಿನ ಫೋಟೊ ಸಹ ತೆಗೆದು ಹಾಕುತ್ತೇನೆ, ಡಾಕ್ಟ್ರೇ, ದಯವಿಟ್ಟು ನೋಡಿ ಹೇಳಿ.