ಸ್ಪ್ಯಾನಿಷ್ ಓರಲ್ ಪರೀಕ್ಷೆಗೆ ಹೇಗೆ ತಯಾರಾಗುವುದು?

ಹೊಸಗುಬ್ಬಿ:
ಎಲ್ಲರಿಗೂ ನಮಸ್ಕಾರ. ನಮ್ಮ ಸ್ಪ್ಯಾನಿಷ್ ಕ್ಲಾಸಿನಲ್ಲಿ ಎ2 (ಆರಂಭದ ಎರಡನೇ ಹಂತ) ಮುಗಿಯುತ್ತಾ ಬಂತು, ಮುಂದಿನ ವಾರ ಓರಲ್ ಇದೆ. ಕೊಟ್ಟ ವಿಷಯದ ಮೇಲೆ ಎರಡು ಮೂರು ನಿಮಿಷ ಒಬ್ಬರೇ ಮಾತಾಡಬೇಕು, ಒಂದು ಫೋಟೊ ವರ್ಣಿಸಬೇಕು, ಆಮೇಲೆ ಟೀಚರ್ ಜೊತೆ ಸಂಭಾಷಣೆ. ಬರೆಯಲು ಕೊಟ್ಟರೆ ಚೆನ್ನಾಗಿಯೇ ಬರೆಯುತ್ತೇನೆ, ಬಾಯಿ ತೆಗೆದರೆ ಮಾತ್ರ ಕ್ರಿಯಾಪದ ಸಿಗುವುದೇ ಇಲ್ಲ. ಕುಟುಂಬ, ದಿನಚರಿ, ರಜೆ ಅಂತ ಒಂದೊಂದಕ್ಕೂ ಪ್ಯಾರಾ ಬರೆದು ಬಾಯಿಪಾಠ ಮಾಡುತ್ತಿದ್ದೇನೆ. ಇದು ಸರಿನಾ?

ಮಾತಿನಮನೆ:
ಬಾಯಿಪಾಠ ಬೇಡ, ದಯವಿಟ್ಟು ಇವತ್ತೇ ನಿಲ್ಲಿಸಿ. ಮಧ್ಯದಲ್ಲಿ ಒಂದು ಪದ ಮರೆತರೆ ಮುಂದಿನದೆಲ್ಲ ಹೋಗುತ್ತದೆ, ಟೀಚರ್ ನಡುವೆ ಏನಾದರೂ ಕೇಳಿಬಿಟ್ಟರಂತೂ ಮುಗಿಯಿತು. ಪ್ರತಿ ವಿಷಯಕ್ಕೂ ಐದಾರು ಪದ ಮಾತ್ರ ಚೀಟಿಯಲ್ಲಿ ಬರೆದುಕೊಂಡು ಅದನ್ನು ನೋಡಿ ಜೋರಾಗಿ ಮಾತಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಪ್ರತಿ ಸಲ ವಾಕ್ಯ ಬೇರೆ ಬೇರೆ ಬಂದರೆ ಒಳ್ಳೆಯದೇ.

ಇನ್ನೊಂದು, ನಿಮ್ಮ ವಾಕ್ಯಕ್ಕೆ ನೀವೇ ಪ್ರಶ್ನೆ ಹಾಕಿಕೊಳ್ಳಿ. 'ಆಯೆರ್ ಫುಯಿ ಆಲ್ ಸಿನೆ' (ನಿನ್ನೆ ಸಿನಿಮಾಗೆ ಹೋಗಿದ್ದೆ) ಅಂದ ತಕ್ಷಣ ಎದುರಿನವರು 'ಕೊನ್ ಕಿಯೆನ್?' ಅನ್ನುತ್ತಾರೆ, ಯಾರ ಜೊತೆ ಅಂತ. ಆಮೇಲೆ 'ತೆ ಗುಸ್ತೊ?', ಇಷ್ಟವಾಯ್ತಾ. ಆಮೇಲೆ 'ಪೊರ್ ಕೆ?', ಯಾಕೆ. ಈ ಮೂರಕ್ಕೂ ಉತ್ತರ ಹೇಳಿ ನೋಡಿ, ಒಂದು ವಾಕ್ಯ ಒಂದು ನಿಮಿಷದ ಮಾತಾಗುತ್ತದೆ. ಬರೀ 'ಸಿ' (ಹೌದು) ಅಂತ ಹೇಳಿ ಸುಮ್ನೆ ಕೂರಬೇಡಿ, ಹಿಂದೆ ಒಂದು 'ಪೊರ್ಕೆ...' (ಯಾಕೆಂದರೆ) ಸೇರಿಸಿ ಕಾರಣ ಹೇಳಿ.

ನದಿದಂಡೆ:
ನಿಮ್ಮ ಪರೀಕ್ಷೆ ಹೆಚ್ಚುಕಡಿಮೆ ಡೆಲೆ ಎ2 ಥರಾನೇ ಇದೆ. ಡೆಲೆ ಅಂದರೆ ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ ಇನ್ಸ್ಟಿಟ್ಯೂಟೊ ಸೆರ್ವಾಂಟೆಸ್‌ನವರು ನಡೆಸುವ ಪರೀಕ್ಷೆ, ಅವರ ಮಾದರಿ ಪ್ರಶ್ನೆಪತ್ರಿಕೆಗಳು ಆನ್‌ಲೈನಿನಲ್ಲೇ ಸಿಗುತ್ತವೆ, ಫೋಟೊ ಸಹಿತ. ಅಲ್ಲಿ ತಯಾರಿಗೆ 12 ನಿಮಿಷ, ಮಾತಿಗೆ 12 ನಿಮಿಷ. ಟಿಪ್ಪಣಿ ಮೇಲೆ ಕಣ್ಣಾಡಿಸಬಹುದು, ಓದುತ್ತಾ ಹೋಗುವ ಹಾಗಿಲ್ಲ.

ಫೋಟೊಗೆ ಒಂದು ಕ್ರಮ ಇಟ್ಟುಕೊಳ್ಳಿ. 'ಎನ್ ಲಾ ಫೊತೊ ಆಯ್...' ಅಂತ ಶುರು ಮಾಡಿ ಏನೇನಿದೆ ಹೇಳಿ, ಜನ ಎಲ್ಲಿದ್ದಾರೆ, ಏನು ಹಾಕಿಕೊಂಡಿದ್ದಾರೆ, ಏನು ಮಾಡುತ್ತಿದ್ದಾರೆ, ಕೊನೆಗೆ 'ಕ್ರೆಯೊ ಕೆ...' (ನನಗನ್ನಿಸುತ್ತದೆ) ಅಂತ ಅವರ ಮನಸ್ಥಿತಿ ಊಹಿಸಿ. ಇಲ್ಲೇ ಜಾಸ್ತಿ ಜನ ಸೆರ್, ಎಸ್ತಾರ್ (ಎರಡಕ್ಕೂ 'ಇರು' ಅಂತಲೇ ಅರ್ಥ) ಅದಲುಬದಲು ಮಾಡುತ್ತಾರೆ. ಜಾಗಕ್ಕೂ ಆ ಕ್ಷಣದ ಸ್ಥಿತಿಗೂ ಎಸ್ತಾರ್. ಸಂಭಾಷಣೆಯಲ್ಲಿ ಟೀಚರ್ ಅಂಗಡಿಯವರೋ ಡಾಕ್ಟರೋ ಆಗಿದ್ದರೆ 'ತಿಯೆನೆಸ್' (ನಿನ್ನ ಹತ್ತಿರ ಇದೆ) ಬೇಡ, 'ತಿಯೆನೆ' (ನಿಮ್ಮ ಹತ್ತಿರ ಇದೆ) ಅನ್ನಿ. ಬಹುವಚನ ಕೊಟ್ಟು ಮಾತಾಡುವ ಅಭ್ಯಾಸ ನಮಗೆ ಇದ್ದೇ ಇದೆ ಅಲ್ವಾ.

ಸಂಜೆಗಾಳಿ:
ಉಚ್ಚಾರಣೆಗೆ ಹೆದರಬೇಡಿ. ಕನ್ನಡದವರಿಗೆ ಇದು ನಿಜಕ್ಕೂ ಸುಲಭ. ಅವರ ಟಿ, ಡಿ ಎರಡೂ ನಮ್ಮ ತ, ದ. 'ಟೋಡೊ' ಅಲ್ಲ, 'ತೊದೊ'. ರ ಮತ್ತು ರ್ರ ಮಾತ್ರ ಬೇರೆ ಮಾಡಿ, 'ಪೆರೊ' ಅಂದರೆ ಆದರೆ, 'ಪೆರ್ರೊ' ಅಂದರೆ ನಾಯಿ. ಕ್ರಿಯಾಪದದ ಭೂತಕಾಲಕ್ಕೂ ಕನ್ನಡವೇ ಸಹಾಯಕ್ಕೆ ಬರುತ್ತದೆ. ಒಮ್ಮೆ ಆಡಿ ಮುಗಿಸಿದ್ದಕ್ಕೆ 'ಹುಗೆ', ಚಿಕ್ಕವರಿದ್ದಾಗ ಆಡುತ್ತಿದ್ದೆವು ಅನ್ನುವಂಥದ್ದಕ್ಕೆ 'ಹುಗಾಬಾಮೊಸ್'. ರಜೆ, ಬಾಲ್ಯ ಎರಡೂ ವಿಷಯಕ್ಕೆ ಇದು ಬೇಕೇ ಬೇಕು.

ಹೊಸಗುಬ್ಬಿ:
ತುಂಬಾ ಥ್ಯಾಂಕ್ಸ್! ಪ್ಯಾರಾಗಳನ್ನು ಚೀಟಿಗೆ ಇಳಿಸುತ್ತಿದ್ದೇನೆ. ಪ್ರಶ್ನೆಯೇ ಅರ್ಥವಾಗದಿದ್ದರೆ?

ಮಾತಿನಮನೆ:
ಕೇಳಿ, ಅದೂ ಸ್ಪ್ಯಾನಿಷ್‌ನಲ್ಲೇ. 'ಪ್ವೆದೆ ರೆಪೆತಿರ್, ಪೊರ್ ಫಾವೊರ್?' ಅಂದರೆ ಇನ್ನೊಮ್ಮೆ ಹೇಳುತ್ತಾರೆ. ವೇಗ ಜಾಸ್ತಿಯಾದರೆ 'ಮಾಸ್ ದೆಸ್ಪಾಸಿಯೊ'. ಯೋಚಿಸಲು ಸಮಯ ಬೇಕಿದ್ದರೆ 'ಪ್ವೆಸ್...', 'ಆ ಬೆರ್...' ಅನ್ನಿ, ಅಲ್ಲಿನವರೂ ದಿನಾ ಹಾಗೇ ಮಾತಾಡುತ್ತಾರೆ. ಪದ ಸಿಗದಿದ್ದರೆ ಇಂಗ್ಲಿಷಿಗೆ ಜಾರಬೇಡಿ, ಗೊತ್ತಿರುವ ಪದಗಳಲ್ಲೇ ಸುತ್ತಿ ಬಳಸಿ ಹೇಳಿ. ಈ ನಾಲ್ಕನ್ನು ಇವತ್ತು ಸಂಜೆಯೇ ಕ್ಲಾಸಿನ ಯಾರಾದರೊಬ್ಬರ ಜೊತೆ ಫೋನಿನಲ್ಲಿ ಆಡಿ ನೋಡಿ.